ತಂಗ್ಮಾರ್ಗಿನಿಂದ ಮೇಲಕ್ಕೆ: ಸಂಸಾರ ಸಮೇತ ಸ್ಕೀ ಕಲಿಯಲು ಗುಲ್ಮಾರ್ಗ್

ಗುಲ್ಮಾರ್ಗಿನ ಖರ್ಚು ಶುರುವಾಗುವುದು ಗುಲ್ಮಾರ್ಗಿನಲ್ಲಲ್ಲ. ಅದಕ್ಕಿಂತ 13 ಕಿಲೋಮೀಟರ್ ಕೆಳಗೆ, ತಂಗ್ಮಾರ್ಗ್ ಪೇಟೆಯಲ್ಲಿ. ಶ್ರೀನಗರದಿಂದ ಓಡಿ ಬಂದ ಕಾರು ಇಲ್ಲಿ ನಿಂತುಬಿಡುತ್ತದೆ. ಹಿಮ ಬಿದ್ದ ದಿನಗಳಲ್ಲಿ ಚಕ್ರಕ್ಕೆ ಸರಪಳಿ ಸುತ್ತಿರದ ಗಾಡಿಯನ್ನು ಪೊಲೀಸರು ಮೇಲಕ್ಕೆ ಬಿಡುವುದಿಲ್ಲ. ಸಾಮಾನು ಇಳಿಸಿಕೊಂಡು ಅಲ್ಲಿಯ ಸುಮೋ ಹತ್ತಬೇಕು. ಅಷ್ಟರೊಳಗೆ ಸುತ್ತ ಜನ ಸೇರಿರುತ್ತಾರೆ. ಗಮ್‌ಬೂಟು ಬೇಕೇ, ಉದ್ದ ಕೋಟು ಬೇಕೇ, ಗೈಡ್ ಬೇಕೇ, ಗೊಂಡೋಲಾ (ಕೇಬಲ್ ಕಾರು) ಟಿಕೆಟ್ ಬೇಕೇ? ರಸ್ತೆಯ ಎರಡೂ ಬದಿಯ ಅಂಗಡಿಗಳಲ್ಲಿ ಊರೆಲ್ಲ ತೊಟ್ಟು ಬಿಟ್ಟ ತುಪ್ಪಳದ ಕೋಟುಗಳು ತೂಗುತ್ತಿರುತ್ತವೆ. ‘ಮೇಲೆ ಹೋದರೆ ಇದು ಸಿಗುವುದಿಲ್ಲ ಜನಾಬ್’ ಎನ್ನುವುದು ಎಲ್ಲ ಅಂಗಡಿಗಳ ಒಂದೇ ಮಾತು. ಸಿಗುತ್ತದೆ.

ಪ್ಯಾಕೇಜ್ ಟೂರಿನವರ ಪಟ್ಟಿಯಲ್ಲಿ ಗುಲ್ಮಾರ್ಗ್ ಸಾಮಾನ್ಯವಾಗಿ ಒಂದು ದಿನದ ಬಾಬತ್ತು. ಬೆಳಗ್ಗೆ ಶ್ರೀನಗರ ಬಿಟ್ಟು, ಸಂಜೆ ದಾಲ್ ಸರೋವರದ ಹೌಸ್‌ಬೋಟಿಗೆ ವಾಪಸ್. ಆ ಒಂದು ದಿನಕ್ಕೆ ಸರಪಳಿ ಸುಮೋ, ಬೂಟು, ಕೋಟು, ಗೊಂಡೋಲಾ, ಗೈಡು, ಸ್ಲೆಡ್ಜ್ ಎಲ್ಲಕ್ಕೂ ಪೂರ್ತಿ ಬಾಡಿಗೆ ತೆರಬೇಕು. ಸ್ಕೀ ಎಂದರೆ ಇಬ್ಬರು ಆಚೀಚೆ ಹಿಡಿದುಕೊಂಡು ಇಪ್ಪತ್ತು ನಿಮಿಷ ಜಾರಿಸಿ ಫೋಟೊ ತೆಗೆಸಿ ಕಳಿಸುವುದು. ಇಡೀ ಕಾಶ್ಮೀರ ಪ್ರವಾಸದಲ್ಲಿ ಕೈಸುಡುವ ದಿನ ಅದೇ, ಕಲಿತು ಬರುವುದು ಏನೂ ಇಲ್ಲದ ದಿನವೂ ಅದೇ. ಅಲ್ಲೇ ಉಳಿದುಕೊಂಡವರ ಲೆಕ್ಕವೇ ಬೇರೆ. ಸರಪಳಿ ಸುಮೋ ಒಮ್ಮೆ ಹತ್ತಲು, ಒಮ್ಮೆ ಇಳಿಯಲು. ನಡುವಿನ ದಿನಗಳಲ್ಲಿ ನಡಿಗೆ. ಹೊಸದಾಗಿ ಸ್ಕೀ ಕಲಿಯುವ ಸಂಸಾರಕ್ಕೆ ಬೇಕಾಗಿರುವುದು ಒಂದು ತುಂಡು ಇಳಿಜಾರು, ತಾಳ್ಮೆಯಿರುವ ಒಬ್ಬ ಮೇಷ್ಟ್ರು, ಆ ಇಳಿಜಾರಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಕೋಣೆ. ಮೂರೂ ಗುಲ್ಮಾರ್ಗಿನಲ್ಲಿ ಅಗ್ಗವಾಗಿಯೇ ದೊರೆಯುತ್ತವೆ. ದುಬಾರಿಯಾದದ್ದೆಲ್ಲ ಇನ್ನೂ ಮೇಲಿದೆ, ಅದು ಸದ್ಯಕ್ಕೆ ನಮಗೆ ಬೇಕಿಲ್ಲ.

ನಮ್ಮದು ಮಿಶ್ರ ತಂಡ. ಮನೆಯವರು, ನಾನು, ಹೈಸ್ಕೂಲಿನ ಮಗ, ಪ್ರೈಮರಿಯ ಮಗಳು, ಜೊತೆಗೆ ಅತ್ತೆಯವರು. ಅತ್ತೆ ಸ್ಕೀ ಮಾಡುವುದಿಲ್ಲ ಎಂಬುದು ಬೆಂಗಳೂರಿನಲ್ಲೇ ತೀರ್ಮಾನವಾಗಿದ್ದ ಸಂಗತಿ. ಇಂಥವರೊಬ್ಬರು ಜೊತೆಗಿದ್ದರೆ ಯೋಜನೆ ಇನ್ನಷ್ಟು ಬಿಗಿಯಾಗಬೇಕು. ಸ್ಕೀ ಮಾಡದವರು ಬಿಸಿಲಲ್ಲಿ ಕುಳಿತು ಮಿಕ್ಕವರನ್ನು ನೋಡುವಂಥ ಜಾಗ ಬೇಕು. ಬೇಸರವಾದರೆ ಯಾರ ಹಂಗೂ ಇಲ್ಲದೆ ಕೋಣೆಗೆ ಮರಳುವಂತಿರಬೇಕು.

ಮೊದಲು ಕಾಲದ ಮಾತು. ಕಾಶ್ಮೀರಿಗಳು ಚಳಿಗಾಲದ ಕಟುವಾದ ನಲವತ್ತು ದಿನಗಳನ್ನು ಚಿಲ್ಲಾಯ್ ಕಲಾನ್ ಎನ್ನುತ್ತಾರೆ: ಡಿಸೆಂಬರ್ 21ರಿಂದ ಜನವರಿ ಕೊನೆಯವರೆಗೆ. ಬಳಿಕ ಇಪ್ಪತ್ತು ದಿನದ ಚಿಲ್ಲಾಯ್ ಖುರ್ದ್, ಹತ್ತು ದಿನದ ಚಿಲ್ಲಾಯ್ ಬಚ್ಚಾ. ಹಿಮ ಗಟ್ಟಿಯಾಗಿ ಕೂರುವುದು ಈ ಎಪ್ಪತ್ತು ದಿನಗಳಲ್ಲಿ. ಆದರೂ ಈಗ ಕ್ಯಾಲೆಂಡರನ್ನು ಪೂರ್ತಿ ನಂಬುವಂತಿಲ್ಲ. 2024ರ ಜನವರಿ ಬಹುಪಾಲು ಗುಲ್ಮಾರ್ಗಿನ ಮೈದಾನ ಒಣಹುಲ್ಲಿನ ಬಣ್ಣದಲ್ಲೇ ಇತ್ತು. ತಿಂಗಳ ಕೊನೆಗೆ ಹಿಮ ಬಂತು. 2025ರ ಫೆಬ್ರವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಹಿಮ ಸಾಲದೆ ಮಾರ್ಚಿಗೆ ಮುಂದೂಡಿದರು. ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳಿಗೆ ಶಾಲೆಯ ತಕರಾರಿಲ್ಲ ನಿಜ, ಆದರೆ ಆ ವಾರ ಕೋಣೆಯ ಬಾಡಿಗೆ ಮುಗಿಲಲ್ಲಿರುತ್ತದೆ, ಹಿಮದ ಖಾತ್ರಿಯೂ ಇರುವುದಿಲ್ಲ. ನಮ್ಮ ರಾಜ್ಯದ ದಸರಾ ರಜೆ, ಬೇಸಿಗೆ ರಜೆ ಎರಡೂ ಹಿಮಕ್ಕೆ ಆಗಿಬರುವುದಿಲ್ಲ. ಸಣ್ಣ ತರಗತಿಯ ಮಕ್ಕಳಾದರೆ ಗಣರಾಜ್ಯೋತ್ಸವದ ನಂತರ ಶಾಲೆಗೆ ಒಂದಿಷ್ಟು ದಿನ ರಜೆ ಬರೆದು ಹೊರಡಿ ಎನ್ನುತ್ತೇನೆ. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿರುವ ಮನೆಯವರು ಆ ವರ್ಷ ಸುಮ್ಮನಿರುವುದು ಮೇಲು.

ಬೆಂಗಳೂರಿನಿಂದ ದೆಹಲಿ ಮೂಲಕ ಶ್ರೀನಗರಕ್ಕೆ ವಿಮಾನ ಹಿಡಿಯುವುದು ರೂಢಿ. ಈಗ ಇನ್ನೊಂದು ದಾರಿ ತೆರೆದಿದೆ. 2025ರ ಜೂನ್‌ನಲ್ಲಿ ಕಟ್ರಾದಿಂದ ಶ್ರೀನಗರಕ್ಕೆ ವಂದೇ ಭಾರತ್ ಓಡಾಟ ಆರಂಭವಾಯಿತು. ನದಿಯಿಂದ 359 ಮೀಟರ್ ಎತ್ತರದ ಚೆನಾಬ್ ಸೇತುವೆಯ ಮೇಲಿಂದ ಹಾದು ಸುಮಾರು ಮೂರು ತಾಸಿನಲ್ಲಿ ಕಣಿವೆ ಸೇರಿಸುತ್ತದೆ. ಕಟ್ರಾ ತನಕ ಬರಲು ದೆಹಲಿಯಿಂದ ರಾತ್ರಿ ರೈಲುಗಳಿವೆ. ಮಂಗಳೂರು ಸೆಂಟ್ರಲ್‌ನಿಂದಲೇ ಕಟ್ರಾ ಕಡೆಗೆ ವಾರಕ್ಕೊಮ್ಮೆ ಹೊರಡುವ ನವಯುಗ ಎಕ್ಸ್‌ಪ್ರೆಸ್ ಇದೆ, ಆದರೆ ಮಕ್ಕಳನ್ನು ಅಷ್ಟು ದಿನ ಬೋಗಿಯಲ್ಲಿ ಕೂರಿಸುವ ಧೈರ್ಯ ನನಗಿಲ್ಲ. ವಿಮಾನದಲ್ಲಿ ಹೋಗಿ ರೈಲಿನಲ್ಲಿ ಮರಳುವುದು ಒಳ್ಳೆಯ ಹೊಂದಾಣಿಕೆ; ಅದರ ಕಾರಣ ಕೊನೆಗೆ ಹೇಳುತ್ತೇನೆ.

ಹೊರಡುವ ಮುನ್ನ ಮನೆಯಲ್ಲೇ ಮುಗಿಸಬೇಕಾದ ಕೆಲಸವೊಂದಿದೆ. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಮಾಡುತ್ತದೆ. ಮನೆಯಲ್ಲಿ ಇಬ್ಬರ ಫೋನಾದರೂ ಪೋಸ್ಟ್‌ಪೇಯ್ಡ್ ಆಗಿರಲಿ. ಇಳಿಜಾರಿನಲ್ಲಿ ಮಗ ಒಂದು ಕಡೆ, ಕೋಣೆಯಲ್ಲಿ ಅತ್ತೆ ಒಂದು ಕಡೆ ಆದಾಗ ಇದರ ಬೆಲೆ ತಿಳಿಯುತ್ತದೆ.

ತಂಗ್ಮಾರ್ಗಿನಿಂದ ರಸ್ತೆ ಪೈನ್ ಮತ್ತು ಫರ್ ಮರಗಳ ನಡುವೆ ಸುತ್ತಿ ಸುತ್ತಿ ಏರುತ್ತದೆ. ಕೊನೆಯ ತಿರುವು ದಾಟಿದರೆ ತಟ್ಟೆಯಂತಹ ಬಯಲು ಕಣ್ಣೆದುರು ಬಿಚ್ಚಿಕೊಳ್ಳುತ್ತದೆ. ಎತ್ತರ 2,650 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ 700 ಮೀಟರ್ ಮೇಲೆ. ಮೊದಲ ದಿನ ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆ, ಗಾಬರಿ ಬೇಡ. ನೀರು ಕುಡಿಯುತ್ತಿರಿ, ಬಂದ ದಿನವೇ ಸ್ಕೀ ಕಟ್ಟಿಕೊಳ್ಳುವ ಆತುರ ಬಿಡಿ.

ಊರಿನ ನಕ್ಷೆ ಸರಳ. ಬಯಲಿನ ಒಂದು ಅಂಚಿನಲ್ಲಿ ಟ್ಯಾಕ್ಸಿ ನಿಲ್ದಾಣ ಮತ್ತು ಪುಟ್ಟ ಮಾರುಕಟ್ಟೆ. ಅಲ್ಲಿಂದ ಒಂದು ಕಿಲೋಮೀಟರಿನಷ್ಟು ದೂರದಲ್ಲಿ ಗೊಂಡೋಲಾದ ಕೆಳ ನಿಲ್ದಾಣ. ನಡುವೆ ಬೇಸಿಗೆಯಲ್ಲಿ ಗಾಲ್ಫ್ ಮೈದಾನವಾಗಿ, ಚಳಿಗಾಲದಲ್ಲಿ ಹಿಮದ ಹೊದಿಕೆಯಾಗಿ ಹಬ್ಬಿದ ಏರಿಳಿತದ ನೆಲ. ಒಂದು ದಿಬ್ಬದ ಮೇಲೆ 1915ರಲ್ಲಿ ಕಟ್ಟಿದ, ಮಹಾರಾಣಿ ದೇವಸ್ಥಾನವೆಂದೇ ಹೆಸರಾದ ಶಿವಾಲಯ; 2024ರ ಬೆಂಕಿಯಲ್ಲಿ ಅದಕ್ಕೆ ಬಹಳ ಹಾನಿಯಾಯಿತು. ಇನ್ನೊಂದು ಬದಿಯಲ್ಲಿ ಬ್ರಿಟಿಷರ ಕಾಲದ ಸೇಂಟ್ ಮೇರಿ ಚರ್ಚು. ಹೊಸಬರು ಸ್ಕೀ ಕಲಿಯುವ ಇಳಿಜಾರುಗಳು ಇರುವುದು ಈ ಗಾಲ್ಫ್ ಮೈದಾನದ ಮಗ್ಗುಲಲ್ಲೇ. ಎಲ್ಲರ ಬಾಯಲ್ಲೂ ಅದು ಬೇಬಿ ಸ್ಲೋಪ್.

ಕೋಣೆ ಹುಡುಕುವಾಗ ಈ ನಕ್ಷೆಯನ್ನು ಮುಂದಿಟ್ಟುಕೊಳ್ಳಿ. ಹೋಟೆಲಿನವರು ಫೋನಿನಲ್ಲಿ ‘ಗೊಂಡೋಲಾದಿಂದ ಐದೇ ನಿಮಿಷ’ ಎನ್ನುತ್ತಾರೆ; ಕಾರಿನಲ್ಲೋ ಕಾಲ್ನಡಿಗೆಯಲ್ಲೋ ಎಂದು ಕೇಳಿ. ಮೊಣಕಾಲುದ್ದ ಹಿಮದಲ್ಲಿ ಹೆಗಲ ಮೇಲೆ ಸ್ಕೀ ಹೊತ್ತ ಮಗುವಿನೊಂದಿಗೆ ಒಂದು ಕಿಲೋಮೀಟರ್ ನಡೆಯುವುದು ಪಾಠಕ್ಕಿಂತ ದಣಿವು. ಸ್ಲೋಪಿಗೆ ದೂರವಾದ ಅಗ್ಗದ ಕೋಣೆಗಿಂತ ಸ್ವಲ್ಪ ದುಬಾರಿಯ ಹತ್ತಿರದ ಕೋಣೆ ಕೊನೆಗೆ ಅಗ್ಗವೇ ಬೀಳುತ್ತದೆ. ಸ್ಲೆಡ್ಜ್, ಟ್ಯಾಕ್ಸಿ, ಮಧ್ಯಾಹ್ನದ ಹೊರಗಿನ ಊಟ ಎಲ್ಲ ಉಳಿಯುತ್ತದೆ. ಜಮ್ಮು-ಕಾಶ್ಮೀರ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಹಟ್‌ಗಳು ಇಲ್ಲಿವೆ. ಅಡುಗೆಮನೆಯಿರುವ ಹಟ್ ಸಿಕ್ಕಿದರೆ ದೊಡ್ಡ ಸಂಸಾರಕ್ಕೆ ಅದಕ್ಕಿಂತ ಅನುಕೂಲ ಇನ್ನೊಂದಿಲ್ಲ. ಬುಕ್ ಮಾಡುವ ಮುನ್ನ ಕೋಣೆ ಬಿಸಿಯಾಗುವುದು ಹೇಗೆಂದು ಕೇಳಿ: ಕಟ್ಟಿಗೆ ಉರಿಸುವ ಬುಖಾರಿಯೋ, ಕರೆಂಟಿನ ಹೀಟರೋ? ಕಟ್ಟಿಗೆಗೆ ಬೇರೆ ದುಡ್ಡೋ, ಬಾಡಿಗೆಯಲ್ಲೇ ಸೇರಿದೆಯೋ? ಕರೆಂಟು ಹೋದರೆ ಜನರೇಟರ್ ರಾತ್ರಿಯಿಡೀ ಓಡುತ್ತದೆಯೋ? ಹಾಸಿಗೆಗೆ ಹಾಕುವ ಬಿಸಿ ಹೊದಿಕೆ ಇದ್ದರೆ ಅತ್ತೆಯಂಥವರು ಹರಸುತ್ತಾರೆ. ನಮ್ಮ ಹೋಟೆಲಿನಲ್ಲಿ ಬುಖಾರಿಗೆ ಸಂಜೆ ಐದಕ್ಕೆ ಬೆಂಕಿ ಹಾಕುತ್ತಿದ್ದರು. ಒದ್ದೆ ಕೈಗವಸು, ಕಾಲುಚೀಲಗಳನ್ನು ಅದರ ಸುತ್ತ ಒಣಗಲು ಇಡುವುದು ಮಗಳ ನಿತ್ಯದ ಉದ್ಯೋಗವಾಯಿತು.

ಸ್ಕೀ ಸಾಮಾನಿನ ಅಂಗಡಿಗಳು ಮಾರುಕಟ್ಟೆಯ ಬಳಿಯೂ ಗೊಂಡೋಲಾದ ದಾರಿಯಲ್ಲೂ ಇವೆ. ಇಂಥದೇ ಒಂದು ಅಂಗಡಿಯವರ ಮಗ ಮುಂದೆ ಒಲಿಂಪಿಕ್ಸಿಗೆ ಹೋದರು. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸಿನಲ್ಲಿ ಭಾರತದ ಏಕೈಕ ಸ್ಪರ್ಧಿ ಆರಿಫ್ ಖಾನ್ ಈ ಪ್ರದೇಶದವರೇ. ಅವರ ತಂದೆಗೆ ಗುಲ್ಮಾರ್ಗಿನಲ್ಲಿ ಸ್ಕೀ ಸಾಮಾನಿನ ಅಂಗಡಿ ಇತ್ತು. ಅಂಗಡಿಯೊಳಗೆ ಅವಸರ ಬೇಡ. ಬಾಡಿಗೆ ಕಮ್ಮಿ ಮಾಡಿಸುವುದಕ್ಕಿಂತ ಬೂಟು ಸರಿ ಹೊಂದಿಸಿಕೊಳ್ಳುವುದು ಮುಖ್ಯ. ಬೂಟು ಹಾಕಿ ನೆಟ್ಟಗೆ ನಿಂತರೆ ಹೆಬ್ಬೆರಳು ಮುಂದಕ್ಕೆ ತಾಕಬೇಕು, ಮಂಡಿ ಮಡಿಸಿ ಮುಂದೆ ಬಾಗಿದರೆ ತುಸು ಹಿಂದೆ ಸರಿಯಬೇಕು. ಹಿಮ್ಮಡಿ ಎದ್ದು ಬರಬಾರದು. ಚಳಿಯೆಂದು ಎರಡೆರಡು ಕಾಲುಚೀಲ ಹಾಕಿದರೆ ರಕ್ತ ಓಡಾಡದೆ ಬೆರಳು ಇನ್ನಷ್ಟು ತಣ್ಣಗಾಗುತ್ತವೆ. ದಪ್ಪನೆಯದು ಒಂದೇ ಸಾಕು, ಅದು ಮೊಣಕಾಲಿನ ಕೆಳಗಿನವರೆಗೆ ಬರಲಿ. ಹೊಸಬರಿಗೆ ಗದ್ದದ ಮಟ್ಟಕ್ಕೆ ಬರುವ ಗಿಡ್ಡ ಸ್ಕೀ ಲೇಸು.

ಅಂಗಡಿಯವನು ನಿಮ್ಮ ತೂಕ ಕೇಳುತ್ತಾನೆ. ನಾಚಿಕೊಳ್ಳದೆ ನಿಜ ಹೇಳಿ. ಬೂಟನ್ನು ಸ್ಕೀಗೆ ಬಂಧಿಸುವ ಬೈಂಡಿಂಗ್ ಬಿದ್ದಾಗ ತಾನಾಗಿ ಕಳಚಿಕೊಳ್ಳಬೇಕು. ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಕಲಿಕೆಯ ಮಟ್ಟ ನೋಡಿ ಅದರ ಬಿಗಿ ಹೊಂದಿಸುತ್ತಾರೆ. ಸಡಿಲವಾದರೆ ನಡುದಾರಿಯಲ್ಲಿ ಕಳಚುತ್ತದೆ, ಬಿಗಿಯಾದರೆ ಬಿದ್ದಾಗ ಕಳಚದೆ ಮಂಡಿ ತಿರುಚುತ್ತದೆ. ತೂಕ ಕೇಳದೆಯೇ ‘ಎಲ್ಲಾ ಸರಿಯಿದೆ, ಹೋಗಿ’ ಎನ್ನುವ ಅಂಗಡಿಯಿಂದ ಎದ್ದು ಬನ್ನಿ. ಮಕ್ಕಳಿಗೆ ಹೆಲ್ಮೆಟ್ ಬೇಕೇ ಬೇಕು. ಸಾಮಾನನ್ನು ದಿನದ ಲೆಕ್ಕಕ್ಕಿಂತ ಒಟ್ಟು ದಿನಗಳ ಲೆಕ್ಕದಲ್ಲಿ ತೆಗೆದುಕೊಂಡರೆ ಬಾಡಿಗೆ ಇಳಿಯುತ್ತದೆ, ರಾತ್ರಿ ಅಂಗಡಿಯಲ್ಲೇ ಬಿಟ್ಟು ಹೋಗಲೂ ಒಪ್ಪುತ್ತಾರೆ.

ಬಟ್ಟೆಯ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ. ದುಬಾರಿ ಸ್ಕೀ ಜಾಕೆಟ್ಟು ಕೊಳ್ಳಬೇಡಿ, ಬೆಂಗಳೂರಿನಲ್ಲಿ ಅದನ್ನು ಮತ್ತೆ ತೊಡುವ ದಿನ ಬರುವುದಿಲ್ಲ. ಒಳಗೆ ಥರ್ಮಲ್, ಮೇಲೆ ಅಜ್ಜಿ ಹೆಣೆದ ಸ್ವೆಟರ್, ಅದರ ಮೇಲೆ ನೀರಿಳಿಯದ ಯಾವುದಾದರೂ ಕೋಟು. ಮಳೆಗಾಲದ ಬೈಕ್ ಪ್ಯಾಂಟು ಹೊರಗವಸಾಗಿ ಚೆನ್ನಾಗಿಯೇ ನಡೆಯಿತು. ಮೈಗೆ ತಾಗುವ ಬಟ್ಟೆ ಹತ್ತಿಯದಾಗಿರಬಾರದು. ಬೆವರಿಗೆ ಒದ್ದೆಯಾದ ಬನಿಯನ್ ನಿಂತ ಕೂಡಲೇ ಮೈಯನ್ನು ಹಿಮ ಮಾಡುತ್ತದೆ. ಕೈಗವಸು ಮಾತ್ರ ತಲೆಗೆ ಎರಡು ಜೊತೆ. ತಂಪುಕನ್ನಡಕ, ಸನ್‌ಸ್ಕ್ರೀನ್ ಮರೆಯಬಾರದು. ಹಿಮಕ್ಕೆ ಬಡಿದು ಮೇಲಕ್ಕೆ ಏಳುವ ಬಿಸಿಲು ಮೂಗಿನ ಹೊಳ್ಳೆಯ ಕೆಳಗನ್ನೂ ಸುಡುತ್ತದೆ.

ಇನ್ನು ಮೇಷ್ಟ್ರು. ಗುಲ್ಮಾರ್ಗಿನಲ್ಲಿ ಕಲಿಸುವ ಪರಂಪರೆ ಹಳೆಯದು. ಬ್ರಿಟಿಷ್ ಸೇನಾಧಿಕಾರಿಗಳು 1927ರಲ್ಲಿ ಇಲ್ಲಿ ಸ್ಕೀ ಕ್ಲಬ್ ಆಫ್ ಇಂಡಿಯಾ ಆರಂಭಿಸಿದರು. 1960ರ ದಶಕದ ಕೊನೆಯಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಡಿಯಲ್ಲಿ ಸ್ಕೀ ಮತ್ತು ಪರ್ವತಾರೋಹಣ ಸಂಸ್ಥೆ ಹುಟ್ಟಿಕೊಂಡಿತು. ಊಟ, ವಸತಿ, ಸಾಮಾನು, ಪಾಠ ಎಲ್ಲ ಸೇರಿದ ಅದರ ಕೋರ್ಸುಗಳು ಸ್ಕೀ ಕಲಿಯಲು ದೇಶದಲ್ಲಿರುವ ಮಿತವ್ಯಯದ ದಾರಿಗಳಲ್ಲೊಂದು. ಕಾಲೇಜು ಹುಡುಗ ಹುಡುಗಿಯರಿಗೆ ಅದನ್ನೇ ಹೇಳುತ್ತೇನೆ. ತರಬೇತಿಯ ಶಿಸ್ತು ಕಟ್ಟುನಿಟ್ಟು, ತಂಡದಲ್ಲಿ ಕಲಿಯುವ ಹುರುಪೂ ಇರುತ್ತದೆ. ಆದರೆ ಪ್ರೈಮರಿಯ ಮಗು, ಅರವತ್ತು ದಾಟಿದ ಅತ್ತೆ ಇರುವ ಸಂಸಾರಕ್ಕೆ ಹೊಂದುವುದಿಲ್ಲ. ನಮಗೆ ಬೇಕಾದವರು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿಕೊಂಡ ಖಾಸಗಿ ತರಬೇತುದಾರರು. ಗುರುತಿನ ಚೀಟಿ ನೋಡಿ. ಇಡೀ ದಿನಕ್ಕೆ ಎಷ್ಟು, ಎಷ್ಟು ಗಂಟೆಯ ದಿನ, ಎಷ್ಟು ಜನರಿಗೆ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಒಬ್ಬರೇ ಮೇಷ್ಟ್ರು, ನಾಲ್ಕು ವಿದ್ಯಾರ್ಥಿಗಳು ಎಂದರೆ ಅವರಿಗೂ ಸಮಾಧಾನ, ನಮಗೂ ಉಳಿತಾಯ. ತಂಗ್ಮಾರ್ಗಿನಲ್ಲೇ ಬೆನ್ನುಹತ್ತುವ ಗೈಡುಗಳನ್ನು ನಯವಾಗಿ ನಿರಾಕರಿಸಿ. ಬಯಲಿನಲ್ಲಿ ದಾರಿ ತಪ್ಪಲು ಏನೂ ಇಲ್ಲ.

ನಮ್ಮ ಮೇಷ್ಟ್ರು ನಡುವಯಸ್ಸಿನ, ಕಡಿಮೆ ಮಾತಿನ ಮನುಷ್ಯ. ಮಕ್ಕಳಿಗೆ ‘ಸರ್’, ಅತ್ತೆಯನ್ನು ಅವರು ಕರೆಯುತ್ತಿದ್ದದ್ದು ‘ಮಾತಾಜಿ’. ಮೊದಲ ಗಂಟೆ ಸ್ಕೀ ಮುಟ್ಟಲು ಬಿಡಲಿಲ್ಲ. ಬರೀ ಬೂಟಿನಲ್ಲಿ ಹಿಮದ ಮೇಲೆ ನಡೆಸಿದರು. ಬಳಿಕ ಒಂದೇ ಕಾಲಿಗೆ ಸ್ಕೀ ಕಟ್ಟಿ ಸಮತಟ್ಟಾದ ಕಡೆ ಜಾರಿಸಿದರು. ಆಮೇಲೆ ಬೀಳುವ ಪಾಠ: ಮುಂದಕ್ಕೂ ಅಲ್ಲ, ಹಿಂದಕ್ಕೂ ಅಲ್ಲ, ಪಕ್ಕಕ್ಕೆ, ಗುಡ್ಡದ ಕಡೆಗೆ. ಬಿದ್ದ ಮೇಲೆ ಎರಡೂ ಸ್ಕೀಗಳನ್ನು ಇಳಿಜಾರಿಗೆ ಅಡ್ಡಲಾಗಿ ತಂದುಕೊಂಡು ಏಳಬೇಕು, ಇಲ್ಲದಿದ್ದರೆ ಏಳುತ್ತಲೇ ಮತ್ತೆ ಜಾರುತ್ತೀರಿ. ಮನೆಯವರು ಈ ಪಾಠವನ್ನು ಅತ್ಯಂತ ಶ್ರದ್ಧೆಯಿಂದ, ಮೇಷ್ಟ್ರು ಹೇಳದಿದ್ದಾಗಲೂ ಅಭ್ಯಾಸ ಮಾಡಿದರು.

ನಂತರ ಅಡ್ಡಡ್ಡ ಹೆಜ್ಜೆಯಿಟ್ಟು ಇಳಿಜಾರು ಏರುವುದು. ಇದು ಬೆವರಿಳಿಸುವ ಕೆಲಸ, ಆದರೆ ಮೊದಲ ದಿನ ಲಿಫ್ಟಿನ ಹಣವೂ ಉಳಿಯುತ್ತದೆ, ಸ್ಕೀಯ ಅಂಚು ಹಿಮವನ್ನು ಕಚ್ಚುವುದು ಕಾಲಿಗೆ ಅರ್ಥವೂ ಆಗುತ್ತದೆ. ಹತ್ತಾಳೆತ್ತರ ಏರಿದ ಮೇಲೆ ಕೆಳಗೆ ಮುಖ ಮಾಡಿ ನಿಲ್ಲಿಸಿ, ‘ಪಿಜ್ಜಾ ಬನಾವೋ ಬೇಟಾ’ ಎಂದರು. ಸ್ಕೀಗಳ ಮೂತಿ ಹತ್ತಿರ, ಹಿಂಭಾಗ ದೂರ; ಹಿಮ್ಮಡಿಯನ್ನು ಹೊರಕ್ಕೆ ಒತ್ತಿದಷ್ಟೂ ವೇಗ ಇಳಿಯುತ್ತದೆ. ಮಗಳು ಎರಡನೇ ಸಲಕ್ಕೇ ನಿಂತಳು. ದೊಡ್ಡವರ ಕಷ್ಟ ಬೇರೆ ಬಗೆಯದು. ಇಳಿಜಾರು ಕಂಡೊಡನೆ ಮೈ ಹೆದರಿ ಹಿಂದಕ್ಕೆ ವಾಲುತ್ತದೆ, ಹಿಂದಕ್ಕೆ ವಾಲಿದರೆ ಸ್ಕೀಯ ಮುಂಭಾಗದ ಮೇಲೆ ಭಾರ ತಪ್ಪಿ ಹಿಡಿತ ಹೋಗುತ್ತದೆ, ಇನ್ನಷ್ಟು ಜೋರಾಗಿ ಓಡುತ್ತದೆ. ಮೊಣಕಾಲ ಕೆಳಗಿನ ಮೂಳೆ ಬೂಟಿನ ನಾಲಿಗೆಗೆ ಸದಾ ಒತ್ತಿಕೊಂಡಿರಬೇಕು ಎಂಬ ಒಂದೇ ಮಾತನ್ನು ಮೇಷ್ಟ್ರು ಬೆಳಗ್ಗೆಯಿಂದ ಸಂಜೆವರೆಗೆ ಹೇಳಿದರು. ಹೆದರಿಕೆ ಬಂದಾಗ ಮುಂದಕ್ಕೆ ಬಾಗು ಎಂದು ಮೈಗೆ ಒಪ್ಪಿಸಲು ನನಗೆ ಹಿಡಿದಷ್ಟು ಹೊತ್ತು ಮಗನಿಗೆ ಹಿಡಿಯಲಿಲ್ಲ.

ಬಗಲಲ್ಲೇ ನೂರಾರು ಜನ ಇದನ್ನೇ ಮಾಡುತ್ತಿರುತ್ತಾರೆ: ಅಹಮದಾಬಾದಿನ ಹೊಸ ಜೋಡಿ, ಶ್ರೀನಗರದ ಶಾಲಾ ಮಕ್ಕಳ ತಂಡ. ಸ್ಲೋಪಿನ ಮೇಲಕ್ಕೆ ಎಳೆದೊಯ್ಯುವ ಸಣ್ಣ ಲಿಫ್ಟುಗಳಿವೆ. ಸಮತೋಲ ಬಂದ ಮೇಲೆ ಅವುಗಳ ಟಿಕೆಟ್ ಕೊಂಡರೆ ದಿನಕ್ಕೆ ಇಳಿಯುವ ಬಾರಿ ದುಪ್ಪಟ್ಟಾಗುತ್ತದೆ. ಅದಕ್ಕಿಂತ ದೊಡ್ಡ ಬೆಟ್ಟ ಈ ಹಂತದಲ್ಲಿ ಬೇಡ. ಸೈಕಲ್ ಕಲಿಯುವವರಿಗೆ ಮನೆ ಮುಂದಿನ ಗಲ್ಲಿ ಸಾಕಲ್ಲವೇ, ಹೆದ್ದಾರಿ ಯಾಕೆ?

ಈ ಇಳಿಜಾರುಗಳಲ್ಲಿ ಕನ್ನಡದ ಒಂದು ಹೆಸರನ್ನೂ ನೆನೆಯಬೇಕು. ಕೊಡಗಿನ ತೆಕ್ಕಡ ಭವಾನಿ ನಂಜುಂಡ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಕರ್ನಾಟಕಕ್ಕಾಗಿ ಖೇಲೋ ಇಂಡಿಯಾ ಕೂಟದ ಪದಕಗಳನ್ನು ಗೆದ್ದವರು; ಆಮೇಲೆ ಚಿಲಿ ದೇಶದಲ್ಲಿ ಅಂತಾರಾಷ್ಟ್ರೀಯ ಪದಕವನ್ನೂ ತಂದರು. ಹಿಮವೇ ಬೀಳದ ನಾಡಿನವರಿಗೆ ಇದೆಲ್ಲ ಯಾಕೆ ಎಂದು ಬೆಂಗಳೂರಿನಲ್ಲಿ ನೆಂಟರೊಬ್ಬರು ಕೇಳಿದ್ದಾಗ ಮಗ ಮೊಬೈಲಿನಲ್ಲಿ ಅವರ ಫೋಟೊ ತೋರಿಸಿದ್ದ.

ಅತ್ತೆಯವರ ದಿನಚರಿ ನಮ್ಮದಕ್ಕಿಂತ ಸೊಗಸಾಗಿತ್ತು. ಬೆಳಗ್ಗೆ ಹತ್ತಕ್ಕೆ ಬಿಸಿಲು ಬಂದ ಮೇಲೆ ಸ್ಲೋಪಿನ ಅಂಚಿನ ಚಹಾದಂಗಡಿಯ ಕುರ್ಚಿ, ಕೈಯಲ್ಲಿ ಕೇಸರಿ, ಬಾದಾಮಿ ಹಾಕಿದ ಕಾವಾ. ಅಂಗಡಿಯಾತ ಫಿರನ್ ಎಂಬ ನಿಲುವಂಗಿಯ ಒಳಗೆ ಇಟ್ಟುಕೊಳ್ಳುವ ಕಾಂಗ್ರಿಯನ್ನು, ಅಂದರೆ ಬೆತ್ತದ ಬುಟ್ಟಿಯೊಳಗಿನ ಕೆಂಡದ ಮಡಕೆಯನ್ನು, ಅವರ ಕಾಲ ಬಳಿ ಇಟ್ಟ. ಒಂದು ದಿನ ಸ್ಲೆಡ್ಜಿನಲ್ಲಿ ಕುಳಿತು ಚರ್ಚಿನ ತನಕ ಹೋಗಿ ಬಂದರು. ಮರದ ಹಲಗೆಗೆ ಹಗ್ಗ ಕಟ್ಟಿ ಮನುಷ್ಯರೇ ಎಳೆಯುವ ಈ ಸ್ಲೆಡ್ಜಿನ ಬಗ್ಗೆ ನನಗೆ ಮುಜುಗರವಿತ್ತು. ಅತ್ತೆಯೇ ಬಗೆಹರಿಸಿದರು: ‘ಚೌಕಾಸಿ ಮಾಡಬೇಡವೇ, ಚಳಿಗಾಲವೆಲ್ಲ ಅವರಿಗೆ ಇದೇ ದುಡಿಮೆ ಇದ್ದೀತು.’ ಹತ್ತುವ ಮುನ್ನ ದರ, ಹೋಗಿಬರುವ ದೂರ ಎರಡನ್ನೂ ಹೇಳಿಸಿಕೊಂಡರೆ ಇಳಿದ ಮೇಲೆ ಜಗಳವಿಲ್ಲ.

ಸಸ್ಯಾಹಾರಿಗಳಿಗೆ ಇಲ್ಲಿ ತೊಂದರೆಯಿಲ್ಲ. ರಾಜ್ಮಾ ಅನ್ನ, ದಮ್ ಆಲೂ, ಹಾಕ್ ಸೊಪ್ಪು ಎಲ್ಲೆಡೆ ಸಿಗುತ್ತವೆ. ಮೊಸರಿನಲ್ಲಿ ಬೇಯಿಸಿದ ತಾವರೆ ದಂಟಿನ ನದ್ರು ಯಖ್ನಿ ತಿನ್ನದೆ ಬರಬೇಡಿ. ಮಧ್ಯಾಹ್ನ ಸ್ಲೋಪಿನ ಬಳಿಯ ಮ್ಯಾಗಿಗೆ ಕೊಡುವ ದುಡ್ಡು ನೋಡಿದರೆ ಅವಲಕ್ಕಿ, ಚಟ್ನಿಪುಡಿ, ಕೊಬ್ಬರಿ ಮಿಠಾಯಿ ತಂದವರಿಗೆ ತಮ್ಮ ಬಗ್ಗೆಯೇ ಹೆಮ್ಮೆಯಾಗುತ್ತದೆ. ಹಿಮದಲ್ಲಿ ಮಕ್ಕಳಿಗೆ ತಾಸಿಗೊಮ್ಮೆ ಹಸಿವು.

ಗೊಂಡೋಲಾದ ವಿಷಯ ತಡವಾಗಿ ಎತ್ತುತ್ತಿರುವುದು ಬೇಕೆಂದೇ. ಫ್ರಾನ್ಸಿನ ಕಂಪನಿಯೊಂದು ಕಟ್ಟಿದ ಈ ಕೇಬಲ್ ಕಾರಿನ ಮೊದಲ ಹಂತ 1998ರಲ್ಲಿ, ಎರಡನೆಯದು 2005ರಲ್ಲಿ ತೆರೆಯಿತು. ಮೊದಲ ಹಂತ 3,000 ಮೀಟರ್ ದಾಟಿದ ಕೊಂಗ್‌ಡೂರಿಗೆ, ಎರಡನೆಯದು 3,900 ಮೀಟರಿಗೂ ಮೇಲಿನ ಅಫರ್ವಟ್ ಬೆಟ್ಟದ ಭುಜಕ್ಕೆ. ಪ್ರಪಂಚದ ಪಳಗಿದ ಸ್ಕೀಗಾರರು ಗುಲ್ಮಾರ್ಗಿಗೆ ಬರುವುದೇ ಆ ಎರಡನೇ ಹಂತದ ಮೇಲಿನ, ಯಾರೂ ತುಳಿಯದ ಪುಡಿಹಿಮಕ್ಕಾಗಿ. ಹಿಮಕುಸಿತದ ಅಪಾಯವೂ ಅಲ್ಲೇ. 2023ರಲ್ಲಿ ಪೋಲೆಂಡಿನ ಇಬ್ಬರು, 2024ರಲ್ಲಿ ರಷ್ಯಾದ ಒಬ್ಬರು ಈ ಬೆಟ್ಟದ ಹಿಮಕುಸಿತಗಳಿಗೆ ಸಿಕ್ಕಿ ತೀರಿಕೊಂಡರು. ಹೊಸಬರಿಗೆ ಅಲ್ಲಿ ಮಾಡುವಂಥದ್ದು ಏನೂ ಇಲ್ಲ. ಗಾಳಿ ಎದ್ದರೆ, ಹಿಮ ಸಡಿಲವಾಗಿದ್ದರೆ ಆ ಹಂತವನ್ನು ಮುಚ್ಚಿಯೂ ಬಿಡುತ್ತಾರೆ. ಟಿಕೆಟ್ ದರ ಆಗಾಗ ಪರಿಷ್ಕಾರವಾಗುತ್ತದೆ. ಐದು ಜನರ ಸಂಸಾರಕ್ಕೆ ಎರಡೂ ಹಂತ ಕೊಂಡರೆ ಸ್ಕೀ ಮೇಷ್ಟ್ರ ದಿನಗೂಲಿಯಷ್ಟಾದರೂ ಕೈಬಿಡುತ್ತದೆ. ಆ ದುಡ್ಡಿಗೆ ಇನ್ನೊಂದು ದಿನದ ಪಾಠ ಕೊಳ್ಳಿ ಎನ್ನುವುದು ನನ್ನ ಸಲಹೆ.

ಮೊದಲ ಹಂತ ಮಾತ್ರ ಒಮ್ಮೆ ಹೋಗಿ ಬರುವಂಥದ್ದು. ಕೇಬಲ್ ಕಾರ್ ನಿಗಮದ ಆನ್‌ಲೈನ್ ಬುಕಿಂಗ್‌ನಲ್ಲಿ ಹೆಸರು, ಗುರುತಿನ ಚೀಟಿ, ಸಮಯ ನಮೂದಿಸಿ ಕೊಳ್ಳಬೇಕು; ಹಿಮ ಚೆನ್ನಾಗಿರುವ ವಾರಗಳಲ್ಲಿ ಟಿಕೆಟ್ ಬೇಗ ಖಾಲಿ. ಬಾಗಿಲ ಬಳಿ ದುಪ್ಪಟ್ಟಿಗೆ ಮಾರುವವರ ಕೈಗೆ ಸಿಗಬೇಡಿ. ನಾವು ಇದನ್ನು ಕಲಿಕೆಯ ಕೊನೆಗೆ ಇಟ್ಟುಕೊಂಡೆವು. ಅಷ್ಟರಲ್ಲಿ ಮಗ ಎಡಕ್ಕೂ ಬಲಕ್ಕೂ ತಿರುಗಿಸುವಷ್ಟು ಕಲಿತಿದ್ದರಿಂದ ಮೇಷ್ಟ್ರ ಹಿಂದೆಯೇ ಕೊಂಗ್‌ಡೂರಿಯಿಂದ ಮರಗಳ ನಡುವಿನ ಹಾದಿಯಲ್ಲಿ ಸ್ಕೀ ಮೇಲೆ ಇಳಿದು ಬಂದ. ನಾವೆಲ್ಲ ಅಲ್ಲಿ ಕಾವಾ ಕುಡಿದು ಕೇಬಲ್ ಕಾರಿನಲ್ಲೇ ಇಳಿದೆವು. ಆಕಾಶ ತಿಳಿಯಾಗಿದ್ದರೆ ಉತ್ತರಕ್ಕೆ 8,126 ಮೀಟರಿನ ನಂಗಾ ಪರ್ಬತ್ ಕಾಣುತ್ತದೆ. ಅಂದು ಮೋಡವಿತ್ತು. ‘ಅದೋ, ಆ ಮೋಡದ ಹಿಂದೆ’ ಎಂದು ತೋರಿಸಿದವನಿಗೆ ಅತ್ತೆ ಅಲ್ಲೇ ಕೈಮುಗಿದರು.

ಮನೆಯಲ್ಲಿ ಎಲ್ಲರೂ ಕೇಳುವ, ಕೇಳಲೇಬೇಕಾದ ಪ್ರಶ್ನೆಯೊಂದಿದೆ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಕರ್ನಾಟಕದವರೂ ಸೇರಿದಂತೆ 26 ಜನರನ್ನು ಕೊಂದರು. ಸಂಸಾರ ಕಟ್ಟಿಕೊಂಡು ಹೋಗುವುದು ಸರಿಯೇ ಎಂದು ಹಿಂಜರಿಯುವವರನ್ನು ಹೇಡಿಗಳೆನ್ನಲು ನನ್ನಿಂದಾಗದು. ಗುಲ್ಮಾರ್ಗ್ ಗಡಿ ನಿಯಂತ್ರಣ ರೇಖೆಗೆ ಹತ್ತಿರದ, ಸೇನೆಯ ಕಾವಲು ದಟ್ಟವಾಗಿರುವ ಜಾಗ. ದಾರಿಯಲ್ಲಿ ತಪಾಸಣೆಗಳಿರುತ್ತವೆ, ಎಲ್ಲರ ಗುರುತಿನ ಚೀಟಿ ಕೈಗೆಟುಕುವಲ್ಲಿರಲಿ. ಬುಕ್ ಮಾಡುವ ಮುನ್ನ ಮತ್ತು ಹೊರಡುವ ವಾರ ಸರ್ಕಾರದ ಸೂಚನೆಗಳನ್ನು ನೋಡಿ. ರದ್ದಾದರೆ ಹಣ ಮರಳಿಸುವ ಕೋಣೆಯನ್ನೇ ಹಿಡಿಯಿರಿ. ಪ್ರವಾಸ ವಿಮೆ ಮಾಡಿಸುವವರು ಅದರಲ್ಲಿ ಸ್ಕೀಯಿಂಗ್ ಸೇರಿದೆಯೇ ಎಂದು ಸಣ್ಣಕ್ಷರಗಳಲ್ಲಿ ಹುಡುಕಬೇಕು. ಎಷ್ಟೋ ಪಾಲಿಸಿಗಳು ಸಾಹಸ ಕ್ರೀಡೆಗಳನ್ನು ಹೊರಗಿಟ್ಟಿರುತ್ತವೆ.

ಮರಳುವ ದಿನ ತಂಗ್ಮಾರ್ಗಿಗೆ ಬೆಳಗ್ಗೆಯೇ ಇಳಿದುಬಿಡಿ. ಮಧ್ಯಾಹ್ನದ ಹೊತ್ತಿಗೆ ದಿನದ ಪ್ರವಾಸಿಗಳ ಗಾಡಿಗಳು ಏರುತ್ತ ಇಳಿಯುತ್ತ ರಸ್ತೆ ಕಟ್ಟುತ್ತವೆ. ವಿಮಾನಕ್ಕೆ ಮೊದಲು ಶ್ರೀನಗರದಲ್ಲಿ ಒಂದು ರಾತ್ರಿ ಖಾಲಿ ಇಟ್ಟುಕೊಳ್ಳುವುದು ಜಾಣತನ. ಹಿಮವೋ ಮಂಜೋ ಬಿದ್ದರೆ ಮೊದಲು ರದ್ದಾಗುವುದು ವಿಮಾನ. ಆಗ ರೈಲು ಕೈಹಿಡಿಯುತ್ತದೆ. ಮರಳುವ ದಾರಿಗೆ ವಂದೇ ಭಾರತ್ ಎಂದು ನಾನು ಹೇಳಿದ್ದು ಇದಕ್ಕೇ. ವಿಮಾನವೇ ಸರಿಯೆನ್ನುವವರು ನಿಲ್ದಾಣಕ್ಕೆ ಮೂರು ತಾಸು ಮೊದಲೇ ಹೊರಡಬೇಕು. ಶ್ರೀನಗರದಲ್ಲಿ ನಿಲ್ದಾಣದ ಆವರಣಕ್ಕೂ ಎಷ್ಟೋ ಹಿಂದೆ ಗಾಡಿ ನಿಲ್ಲಿಸಿ ಸಾಮಾನೆಲ್ಲ ಇಳಿಸಿ ತಪಾಸಣೆಗೆ ಹಾಕಿಸುತ್ತಾರೆ, ಒಳಗೆ ಇನ್ನೂ ಕೆಲವು ಸಾಲು. ಆ ಸಾಲಿನಲ್ಲಿ ನಿಂತಾಗಲೇ ಮಕ್ಕಳು ಮುಂದಿನ ವರ್ಷದ ಜನವರಿಯ ಕ್ಯಾಲೆಂಡರ್ ತೆಗೆದು ಗಣರಾಜ್ಯೋತ್ಸವ ಯಾವ ವಾರ ಬರುತ್ತದೆಂದು ನೋಡುತ್ತಿದ್ದರು. ಅತ್ತೆ ಮಾತ್ರ ಇನ್ನೊಂದು ಮಾತು ಸೇರಿಸಿದರು: ಮುಂದಿನ ಸಲ ಬುಖಾರಿಗೆ ನಾಲ್ಕು ಗಂಟೆಗೇ ಬೆಂಕಿ ಹಾಕುವ ಹೋಟೆಲು ನೋಡಬೇಕಂತೆ.